ಅಂಗಾರನ ಠರಾವು

ಡೊಂಬಿವಲಿ ಪೂರ್ವದ ಆ ಏಳು ಮಾಳಿಗೆಯ ಸೊಸೈಟಿಯಲ್ಲಿ ಕಾನೂನು ಎಂದರೆ ಹಸಿರು ರಟ್ಟಿನ ಒಂದು ಪುಸ್ತಕ. ಠರಾವು ಪುಸ್ತಕ. ಸೆಕ್ರೆಟರಿ ಜಯಶೀಲ ಅದನ್ನು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾರೆ. ತಿಂಗಳ ಮೊದಲ ಭಾನುವಾರ ಕಮಿಟಿ ಕೂರುತ್ತದೆ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಹಾ ಬರುವ ಮೊದಲೇ ಜಯಶೀಲ ಮರಾಠಿಯಲ್ಲಿ ಕೊನೆಯ ಸಾಲು ಬರೆದು ಮುಗಿಸಿರುತ್ತಾರೆ: ‘ಸರ್ವಾನುಮತೇ ಮಂಜೂರ್.’ ಎಲ್ಲರೂ ಒಪ್ಪಿದರು, ಪಾಸಾಯಿತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅದು ಜಾರಿ.

ಜಾರಿ ಮಾಡುವವನು ವಾಚ್‌ಮನ್ ಅಂಗಾರ. ಹದಿನೇಳು ವರ್ಷದಿಂದ ಅವನೇ. ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸಬಾರದು ಎಂದು ಭಾನುವಾರ ಠರಾವಾದರೆ ಸೋಮವಾರ ಸೈಕಲ್‌ಗಳೆಲ್ಲ ಗೇಟಿನ ಹೊರಗೆ ಸಾಲಾಗಿ ನಿಂತಿರುತ್ತಿದ್ದವು. ಪಾರಿವಾಳಕ್ಕೆ ಕಾಳು ಹಾಕಬಾರದು ಎಂದಾದರೆ ಮೂರನೆಯ ಮಾಳಿಗೆಯ ಅಜ್ಜಿಯ ಕೈಯಿಂದ ಡಬ್ಬ ಕಿತ್ತುಕೊಳ್ಳಬೇಕಾದವನು ಅವನೇ. ಒಂದು ಸಲ ಠರಾವು ಬಂತು: ‘ಮನೆಗೆಲಸದವರು, ಕಸದವರು, ವಾಚ್‌ಮನ್ ಲಿಫ್ಟ್ ಬಳಸತಕ್ಕದ್ದಲ್ಲ.’ ಆ ಚೀಟಿಗೆ ಗೋಂದು ಹಚ್ಚಿ ಲಿಫ್ಟಿನ ಬಾಗಿಲಿಗೆ ಅಂಟಿಸಿದವನೂ ಅಂಗಾರನೇ. ಅಂಟಿಸಿ, ಅಂಗೈ ಪ್ಯಾಂಟಿಗೆ ಒರೆಸಿಕೊಂಡು, ತಾರಸಿಯ ಟ್ಯಾಂಕಿನ ನೀರು ನೋಡಲು ಏಳು ಮಾಳಿಗೆ ಮೆಟ್ಟಿಲು ಹತ್ತಿದ. ಕಮಿಟಿಯ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು. ಬಂದದ್ದು ಮಾತ್ರ ಒಂದು ಬಗೆಯ ಬೆರಗು: ನಾಲ್ಕು ಜನ ಕೂತು ಒಂದು ಸಾಲು ಬರೆದರೆ ಮನುಷ್ಯನ ಮೊಣಕಾಲಿನ ಹಣೆಬರಹವೇ ಬದಲಾಗುತ್ತದಲ್ಲ!

ಹಾಗಾಗಿ ಅವನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿತು. ಐವತ್ತಾರು ಮನೆಗಳ ಠರಾವಿಗೇ ಇಷ್ಟು ಬಲವಿದ್ದರೆ ದೇಶದ ಠರಾವಿಗೆ ಎಷ್ಟಿರಬೇಡ?

ಅಂಗಾರ ಕಾರ್ಕಳದ ಕಡೆಯವನು. ಹದಿನೆಂಟರ ಪ್ರಾಯದಲ್ಲಿ ಸೋದರಮಾವನ ಹಿಂದೆ ಬಸ್ಸು ಹತ್ತಿ ಕಲ್ಯಾಣಕ್ಕೆ ಬಂದ. ಊರಿನವರೇ ನಡೆಸುತ್ತಿದ್ದ ಹೋಟೆಲಿನಲ್ಲಿ ಕೆಲಸ ಕೇಳಿದಾಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಹೆಸರು ಕೇಳಲಿಲ್ಲ, “ಯಾವ ಮನೆ?” ಎಂದು ಕೇಳಿದರು. ಮನೆ ಗೊತ್ತಾದ ಮೇಲೆ ಅವನ ಜಾಗವೂ ಗೊತ್ತಾಯಿತು, ಹಿಂಬದಿಯ ಮೋರಿ. ಹನ್ನೆರಡು ವರ್ಷ ಅವನು ತಟ್ಟೆ ತೊಳೆದ. ಆ ತಟ್ಟೆಗೆ ಬಡಿಸುವ ಕೆಲಸ ಒಂದು ದಿನವೂ ಸಿಗಲಿಲ್ಲ. ಜಾತಿ ಅವನ ಜೊತೆಯಲ್ಲೇ ಅದೇ ಬಸ್ಸಿನಲ್ಲಿ ಬಂದಿತ್ತು, ಟಿಕೇಟು ಇಲ್ಲದೆ.

ಜಾತಿ ಬಂತು, ಜಾತಿಯ ಕಾಗದ ಮಾತ್ರ ಬರಲಿಲ್ಲ. ಈ ದೇಶದಲ್ಲಿ ಯಾರನ್ನು ಇಷ್ಟು ವರ್ಷ ತುಳಿದಿದ್ದೇವೆ ಎಂಬುದಕ್ಕೆ ಒಂದೊಂದು ರಾಜ್ಯಕ್ಕೂ ಒಂದೊಂದು ಪಟ್ಟಿ ಇದೆ. ಅಂಗಾರನ ಜಾತಿ ಕರ್ನಾಟಕದ ಪಟ್ಟಿಯಲ್ಲಿದೆ, ಮಹಾರಾಷ್ಟ್ರದ ಪಟ್ಟಿಯಲ್ಲಿಲ್ಲ. ದುಡಿಯಲು ಗಡಿ ದಾಟಿದವನು ಅವಮಾನವನ್ನು ಪೂರ್ತಿಯಾಗಿ ಹೊತ್ತು ತರಬಹುದು, ಅದಕ್ಕೆ ಚೆಕ್‌ಪೋಸ್ಟ್ ಇಲ್ಲ. ಸವಲತ್ತು ಮಾತ್ರ ಅಲ್ಲೇ ಬಿಟ್ಟು ಬರಬೇಕು. ಮಗಳು ಶ್ರೀಮತಿ ಹುಟ್ಟಿದ್ದು ಕಲ್ಯಾಣದಲ್ಲಿ, ಓದಿದ್ದು ಡೊಂಬಿವಲಿಯ ಮರಾಠಿ ಶಾಲೆಯಲ್ಲಿ. ಅವಳು ಕಾರ್ಕಳ ನೋಡಿದ್ದು ಎರಡೇ ಸಲ. ಅಲ್ಲಿಯ ಕಾಲೇಜಿನವರು “ಇಲ್ಲಿ ಎಷ್ಟು ವರ್ಷ ಓದಿದ್ದಿ?” ಎಂದು ಕೇಳುತ್ತಾರೆ. ಇಲ್ಲಿಯವರು “ನಿನ್ನ ಜಾತಿ ನಮ್ಮಲ್ಲಿ ಇಲ್ಲವೇ ಇಲ್ಲ” ಎನ್ನುತ್ತಾರೆ.

ಹನ್ನೊಂದು ವರ್ಷದ ಹಿಂದೆ ಅಂಗಾರ ಇದರ ಬಗ್ಗೆ ಒಂದು ಅರ್ಜಿ ಹೊತ್ತು ತಿರುಗಿದ. ವಾರದ ರಜೆಯಲ್ಲಿ ತುರ್ಭೆಯ ಹಮಾಲರ ಕೇರಿ, ಕಲ್ಯಾಣದ ಚಾಳುಗಳು ಎಂದು ಅಲೆದು ಇನ್ನೂರಕ್ಕೂ ಹೆಚ್ಚು ಸಹಿ, ಹೆಬ್ಬೆಟ್ಟು ಕೂಡಿಸಿದ. ರಾಯಚೂರಿನ ಮರಗಮ್ಮ ಒತ್ತಿದ್ದೂ ಅದರಲ್ಲೊಂದು. ಅವಳು ಅದೇ ಸೊಸೈಟಿಯ ಮೆಟ್ಟಿಲು ಗುಡಿಸುವವಳು. ಜಾತಿ ಬೇರೆ, ಪಾಡು ಅದೇ. ಅರ್ಜಿ ದಿಲ್ಲಿಗೆ ಹೋಯಿತು. ರಶೀದಿ ಬಂತು. ಆಮೇಲೆ ಏನೂ ಬರಲಿಲ್ಲ.

“ಅಂಗಾರಣ್ಣ, ನನ್ ಹೆಬ್ಬಟ್ಟು ಏನಾತೋ?” ಎಂದು ಮರಗಮ್ಮ ವರ್ಷಕ್ಕೊಮ್ಮೆ ಕೇಳುತ್ತಿದ್ದಳು. “ಆ ಮಸಿ ತೊಳಿಲಾಕ ಮೂರ್ ದಿನ ಹತ್ತಿತ್ತು ನನಗ.”

“ದೊಡ್ಡ ಆಫೀಸು ಮಾರಾಯ್ತಿ, ಟೈಮ್ ಆಗ್ತದೆ.”

“ನೀ ಅಂತೀ. ಅವರು ಅದರಾಗ ಭಜಿ ಕಟ್ಟಿಸ್ಕೊಂಡ್ ತಿಂದಾರ.”

ಹೆಂಡತಿ ನಳಿನಾಕ್ಷಿ ತೀರಿಕೊಂಡು ಆರು ವರ್ಷ. ಸೊಸೈಟಿಯ ಪಂಪಿನ ಕೋಣೆಯ ಪಕ್ಕದಲ್ಲಿ ಒಂದು ಖೋಲಿ, ಅದರಲ್ಲಿ ಅಪ್ಪ, ಮಗಳು. ಶ್ರೀಮತಿಗೆ ನರ್ಸ್ ಆಗಬೇಕು. ಪ್ರವೇಶ ಪರೀಕ್ಷೆ ಒಂದು ಸಲ ಬರೆದು ಸ್ವಲ್ಪದರಲ್ಲಿ ತಪ್ಪಿತು. ಹಗಲೆಲ್ಲ ಔಷಧದ ಅಂಗಡಿಯಲ್ಲಿ ನಿಂತು, ಉಳಿದ ಹೊತ್ತಿನಲ್ಲಿ ಓದಿ ಎರಡನೆಯ ಸಲ ಬರೆದಳು. ಈ ಸಲ ಠಾಣೆ ನಗರದ ಒಂದು ಸರ್ಕಾರಿ ನರ್ಸಿಂಗ್ ಕಾಲೇಜಿನ ಪಟ್ಟಿಯಲ್ಲಿ ಹೆಸರು ಬಂತು. ಮೀಸಲಾತಿಯ ಪಟ್ಟಿಯಲ್ಲಿ. ಅಪ್ಪನ ಕರ್ನಾಟಕದ ಸರ್ಟಿಫಿಕೇಟು ನೋಡಿ ಅಲ್ಲಿಯ ಕ್ಲಾರ್ಕು ಮೂಗು ಮುರಿದರೂ, ಒಂದು ಹಮೀಪತ್ರ, ಎಂದರೆ ಮುಚ್ಚಳಿಕೆ, ಬರೆಸಿಕೊಂಡು ಸೇರಿಸಿಕೊಂಡ. ತಿಂಗಳ ಕೊನೆಯೊಳಗೆ ಈ ರಾಜ್ಯದ ಜಾತಿ ಪತ್ರ ತಂದುಕೊಡುತ್ತೇನೆ, ತಪ್ಪಿದರೆ ಸೀಟು ಹೋಗಲಿ, ಎಂದು ಅವಳು, ಹೇಗೆ ತರುವುದೆಂದು ತಿಳಿಯದಿದ್ದರೂ, ಸಹಿ ಮಾಡಿದಳು. ಮಾರ್ಕ್ಸ್‌ಕಾರ್ಡಿನ ಮೂಲ ಪ್ರತಿಗಳೆಲ್ಲ ಕಾಲೇಜಿನ ಕಪಾಟು ಸೇರಿದವು.

ಎರಡು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಕಾಗದ ಬಂತು. ಕಲ್ಯಾಣದ ಒಂದು ಧರ್ಮಾಸ್ಪತ್ರೆ ನಡೆಸುವ ಎರಡು ವರ್ಷದ ಸಣ್ಣ ಕೋರ್ಸು. ಸಾಮಾನ್ಯ ಪಟ್ಟಿಯಲ್ಲಿ, ಜಾತಿಯ ಹಂಗಿಲ್ಲದೆ, ಅವಳ ಅಂಕಕ್ಕೇ ಸಿಕ್ಕ ಸೀಟು. ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಮೂಲ ಪ್ರತಿಗಳ ಸಮೇತ ಬರಬೇಕು. ಕಾಗದದ ಕೆಳಗೆ ದಪ್ಪಕ್ಷರದಲ್ಲಿ ಇತ್ತು: ಒಮ್ಮೆ ಬಾರದವರನ್ನು ಮತ್ತೆಂದೂ ಪರಿಗಣಿಸುವುದಿಲ್ಲ.

ಮೂಲ ಪ್ರತಿ ಎರಡು ಕಡೆ ಇರಲಾರದು. ಕಲ್ಯಾಣಕ್ಕೆ ಹೋಗಬೇಕಾದರೆ ಶುಕ್ರವಾರ ಐದು ಗಂಟೆಯೊಳಗೆ ಠಾಣೆಯ ಸೀಟು ಬಿಟ್ಟುಕೊಟ್ಟು ಕಾಗದಗಳನ್ನು ಬಿಡಿಸಿಕೊಳ್ಳಬೇಕು.

“ಬಾಬಾ, ಕ್ಯಾ ಕರೂಂ?” ಏನು ಮಾಡಲಿ ಎಂದಳು ಶ್ರೀಮತಿ. ಅವನು ತುಳುವಿನಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುತ್ತಿದ್ದಳು. ಅರ್ಥವಾಗುವುದಕ್ಕೆ ಇಬ್ಬರಿಗೂ ಅಡ್ಡಿ ಇರಲಿಲ್ಲ. “ಚಿಕ್ಕದಾದರೂ ಇದು ಪಕ್ಕಾ. ದೊಡ್ಡದು ಪಕ್ಕಾ ಇಲ್ಲ.”

ಅಂಗಾರ ಸೀದಾ ಕಿಟ್ಟಣ್ಣನ ಹತ್ತಿರ ಹೋದ. ಕಲ್ಯಾಣದ ತಹಶೀಲ್ ಕಚೇರಿಯ ಎದುರು ಝೆರಾಕ್ಸ್ ಮಿಷನ್ನು ಇಟ್ಟುಕೊಂಡು ಅರ್ಜಿ ತುಂಬಿಕೊಡುವ ಮನುಷ್ಯ ಕಿಟ್ಟಣ್ಣ. ಕುಂದಾಪುರದವರು. ಕೇಳಿದ್ದಕ್ಕೆ ಗೊತ್ತಿಲ್ಲ ಎನ್ನುವುದು ಅವರ ಜಾಯಮಾನದಲ್ಲೇ ಇಲ್ಲ. ಅಂದು ಅವರೇ ಅಂಗಾರನನ್ನು ಕಂಡು ಕೈ ಬೀಸಿ ಕರೆದರು.

“ಬಾ ಬಾ, ನಿನ್ನದೇ ಸುದ್ದಿ ಉಂಟು ಪೇಪರಲ್ಲಿ! ಲೋಕಸಭೆಯಲ್ಲಿ ಚೀಟಿ ಎತ್ತಿದ್ದಾರೆ. ಯಾವುದೋ ಪಕ್ಷದ ಒಬ್ಬರ ಹೆಸರು ಬಂದಿದೆ. ಅವರು ಠರಾವು ತರ್ತಾರಂತೆ. ಒಂದು ರಾಜ್ಯದ ಪಟ್ಟಿಯಲ್ಲಿ ಇದ್ದವರು ದುಡಿಲಿಕ್ಕೆ ಬೇರೆ ರಾಜ್ಯಕ್ಕೆ ಹೋದ್ರೆ ಅಲ್ಲಿಯೂ ಜಾತಿ ಪತ್ರ ಕೊಡಬೇಕು ಅಂತ. ಶುಕ್ರವಾರ ಮಧ್ಯಾಹ್ನ ಮೂರೂವರೆಗೆ.”

ಅಂಗಾರ ಪೇಪರಿನ ಕಡೆ ಬಗ್ಗಿದ. “ಈ ಶುಕ್ರವಾರವಾ?”

“ಈ ಶುಕ್ರವಾರವೇ.”

“ಪಾಸಾದ್ರೆ?”

“ಪಾಸಾದ್ರೆ ಎಂತ? ಅಲ್ಲಿಂದ ಮೇಲ್ಮನೆಗೆ ಹೋಗ್ತದೆ. ಅಲ್ಲಿ ಅವರೊಂದು ಸಹಿ, ಮತ್ತೆ ರಾಷ್ಟ್ರಪತಿಗಳದ್ದೊಂದು ಸಹಿ. ಹತ್ತು ದಿನದ ಕೆಲಸ ಮಾರಾಯ. ತಿಂಗಳ ಕೊನೆಗೆ ನಿನ್ನ ಮಗಳ ಕೈಯಲ್ಲಿ ಕಾಗದ.”

ಕಿಟ್ಟಣ್ಣ ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಮಸೂದೆ ಬೇರೆ, ಠರಾವು ಬೇರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕಾನೂನು ಮಾಡುವ ಮಸೂದೆ ಎರಡೂ ಮನೆ ದಾಟಬೇಕು. ಆ ಪಟ್ಟಿಗೆ ಒಂದು ಹೆಸರು ಸೇರಬೇಕಾದರೂ ಅದೇ ದಾರಿ. ಆದರೆ ಮಂತ್ರಿಯಲ್ಲದ ಒಬ್ಬ ಸದಸ್ಯ ಶುಕ್ರವಾರ ಮಧ್ಯಾಹ್ನ ತರುವ ಠರಾವು ಒಂದು ಮನೆಯ ಅಭಿಪ್ರಾಯ, ಅಷ್ಟೇ. ‘ಹೀಗಾದರೆ ಒಳ್ಳೆಯದು ಎಂದು ಈ ಸಭೆಗೆ ಅನಿಸುತ್ತದೆ’ ಎಂದು ಹೇಳಿ ಸುಮ್ಮನಾಗುವುದು. ಅದು ಮೇಲ್ಮನೆಗೆ ಹೋಗುವುದಿಲ್ಲ, ಯಾರ ಸಹಿಗೂ ಕಾಯುವುದಿಲ್ಲ, ಪಾಸಾದರೂ ಸರ್ಕಾರ ಅದನ್ನು ಕೇಳಲೇಬೇಕೆಂದಿಲ್ಲ. ಅದರಲ್ಲೂ ಹೆಚ್ಚಿನವು ಪಾಸಾಗುವ ಹಂತಕ್ಕೇ ಬರುವುದಿಲ್ಲ. ಇದನ್ನು ಯಾವ ಶಾಲೆಯೂ ಅಂಗಾರನಂಥವರಿಗೆ ಹೇಳಿಕೊಡಲಿಲ್ಲ. ಓಟು ಹಾಕುವುದು ಹೇಗೆಂದು ಮಾತ್ರ ಐದು ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬಂದು ಹೇಳಿಕೊಟ್ಟು ಹೋಗುತ್ತಾರೆ.

ಆದರೂ ಅಂಗಾರ ಇನ್ನೊಬ್ಬರನ್ನು ಕೇಳಿ ನೋಡಿದ. ಗುರುವಾರ ಸಂಜೆ ಸೆಕ್ರೆಟರಿ ಜಯಶೀಲ ಆಫೀಸಿನಲ್ಲಿ ಪೇಂಟಿನವನ ಜೊತೆ ಗೋಡೆಯ ಬಣ್ಣ ಆರಿಸುತ್ತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಉಡುಪಿಯವರು. ಅವರ ಮನೆಮಾತೂ ತುಳು. ಆದರೆ ಅಂಗಾರನ ಜೊತೆ ಅವರು ಕನ್ನಡವನ್ನೇ ಆಡುತ್ತಿದ್ದರು. ತುಳು ಆಡಿದರೆ ಊರು, ಮನೆ, ಮನೆಯ ಹಿಂದಿನ ಅಂಗಳ ಎಲ್ಲ ನಡುವೆ ಬಂದು ನಿಲ್ಲುತ್ತವೆ.

“ಜಯಶೀಲಣ್ಣ, ಒಂದು ಕೇಳ್ಲಿಕ್ಕಿತ್ತು.”

“ಎಂತ, ಮೋಟರ್ ಪುನಃ ಕೆಟ್ಟಿತಾ?”

“ಮೋಟರ್ ಅಲ್ಲ. ದಿಲ್ಲಿಯಲ್ಲಿ ಠರಾವು ಪಾಸಾದ್ರೆ, ಅದು ಆದ ಹಾಗೇ ಅಲ್ವಾ?”

ಜಯಶೀಲ ಬಣ್ಣದ ಪಟ್ಟಿಯಿಂದ ತಲೆ ಎತ್ತಲಿಲ್ಲ. “ಠರಾವು ಅಂದ್ರೆ ಠರಾವು. ಪಾಸಾದ ಮೇಲೆ ಮುಗೀತಲ್ಲ. ನಿನಗ್ಯಾಕೆ ದಿಲ್ಲಿ ಪಂಚಾಯ್ತಿ? ಬಿ ವಿಂಗಿನ ಎದುರು ನೀರು ನಿಂತಿದೆ, ಗುಡಿಸು.”

ಕೈಯಲ್ಲಿದ್ದ ಫೋನಿನಲ್ಲಿ ಎರಡು ನಿಮಿಷ ಹುಡುಕಿದ್ದರೆ ಜಯಶೀಲರಿಗೆ ಸರಿಯಾದ ಉತ್ತರ ಸಿಗುತ್ತಿತ್ತು. ಕೇಳಿದವನು ವಾಚ್‌ಮನ್. ವಾಚ್‌ಮನ್ನನ ಪ್ರಶ್ನೆಗೆ ಎರಡು ನಿಮಿಷದ ಬೆಲೆ ಇಲ್ಲ. ಈ ಒಂದು ಉಡಾಫೆಯ ಮಾತು ಒಂದು ಹುಡುಗಿಯ ಬದುಕಿನ ಮೇಲೆ ಬಿತ್ತು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ಪಾಪ ಎನ್ನುತ್ತಾರೆ, ಆಮೇಲೆ ಚಹಾ ತರಿಸುತ್ತಾರೆ.

ಶುಕ್ರವಾರ ಬೆಳಿಗ್ಗೆ ಶ್ರೀಮತಿ ಠಾಣೆಗೆ ಹೊರಟಳು. ಸೀಟು ಬಿಡುವ ಅರ್ಜಿಯನ್ನು ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು.

“ಐದಕ್ಕೆ ಆಫೀಸು ಮುಚ್ಚುತ್ತದೆ ಬಾಬಾ. ನಾನು ಅಲ್ಲೇ ಕಾಯುತ್ತೇನೆ. ನೀವು ನೋಡಿರಿ, ನಾನೇ ಫೋನ್ ಮಾಡುತ್ತೇನೆ. ಪಾಸಾದರೆ ಅರ್ಜಿ ಹರಿಯುತ್ತೇನೆ. ಇಲ್ಲದಿದ್ದರೆ ಕೊಟ್ಟು ಕಾಗದ ತರುತ್ತೇನೆ.”

“ನೀನೇ ನಿನ್ನ ಫೋನಲ್ಲಿ ನೋಡಲ್ವಾ?”

“ಕ್ಲಾಸ್ ಇದೆ. ಫೋನ್ ಹೊರಗೆ ಇಡಿಸುತ್ತಾರೆ. ನಾಲ್ಕೂಮುಕ್ಕಾಲಿಗೆ ಬಿಡುತ್ತಾರೆ. ತುಮ್ಹೀ ನೀಟ್ ಐಕಾ ಹಂ, ಬಾಬಾ.” ಸರಿಯಾಗಿ ಕೇಳಿಸಿಕೊಳ್ಳಿ ಎಂದು ಅವಳು ಮರಾಠಿಯಲ್ಲಿ ಹೇಳಿ ಹೋದಳು.

ಮೂರೂವರೆಗೆ ಅಂಗಾರ ಗೇಟಿನ ಕೇಬಿನ್ನಿನಲ್ಲಿ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಇಟ್ಟ. ಮರಗಮ್ಮ ಪೊರಕೆ ಬದಿಗಿಟ್ಟು ಮೆಟ್ಟಿಲ ಮೇಲೆ ಕೂತಳು.

“ಇಷ್ಟ ಮಂದಿ ಅದಾರ? ಖುರ್ಚಿ ಎಲ್ಲಾ ಖಾಲಿ ಅದಾವಲ್ಲೋ ಅಂಗಾರಣ್ಣ.”

“ಶುಕ್ರವಾರ. ಊರಿಗೆ ಹೋಗಿರ್ತಾರೆ.”

“ನಮ್ಮ್ ಕೆಲಸಕ್ಕ ಇವರು ಊರಿಗೆ ಹೋಗ್ಯಾರ? ನಾ ಊರಿಗೆ ಹೋಗಿ ನಾಕ್ ವರ್ಷ ಆತು.”

ಠರಾವು ತಂದ ಸದಸ್ಯರು ಒಳ್ಳೆಯ ಮಾತುಗಾರರು. ಇಟ್ಟಿಗೆ ಭಟ್ಟಿ, ಬಂದರು, ಹೋಟೆಲು ಎಂದು ಅವರು ಹೇಳುತ್ತ ಹೋದಂತೆ ಅಂಗಾರ ಫೋನಿಗೆ ಇನ್ನಷ್ಟು ಹತ್ತಿರ ಸರಿದ. ಯಾರೋ ತನ್ನ ಅರ್ಜಿಯನ್ನೇ ಓದುತ್ತಿದ್ದಾರೆ ಅನ್ನಿಸಿತು. ಇನ್ನಿಬ್ಬರು ಮೂವರು ಎದ್ದು ಬೆಂಬಲಿಸಿದರು. ಮರಗಮ್ಮ ಕೂಡ ಬಾಯಿ ಮುಚ್ಚಿ ಕೇಳಿದಳು. ನಾಲ್ಕೂಕಾಲಿನ ಹೊತ್ತಿಗೆ ಮಂತ್ರಿಗಳು ಎದ್ದರು. ಬಹಳ ಸೂಕ್ಷ್ಮವಾದ ವಿಷಯ, ಸರ್ಕಾರಕ್ಕೆ ಪೂರ್ಣ ಸಹಾನುಭೂತಿ ಇದೆ, ರಾಜ್ಯಗಳ ಜೊತೆ ಸಮಾಲೋಚಿಸಿ ಪರಿಶೀಲಿಸಲಾಗುವುದು ಎಂದರು. ಅಂಗಾರ ಮರಗಮ್ಮನ ಕಡೆ ನೋಡಿ, “ಮಂತ್ರಿಯೂ ನಮ್ಮ ಕಡೆಯೇ!” ಎಂದ.

ಅಷ್ಟರಲ್ಲಿ ಗೇಟಿನ ಹೊರಗೆ ಹಾರ್ನು. ನಾಲ್ಕನೆಯ ಮಾಳಿಗೆಯವರ ಬಿಳಿ ಕಾರು. ಒಂದು ಸಲ, ಎರಡು ಸಲ, ಆಮೇಲೆ ಕೈ ಎತ್ತದೆ ಒತ್ತಿದ ಹಾರ್ನು. ಅಂಗಾರ ಓಡಿದ. ಗೇಟು ತೆರೆದ. ಅಡ್ಡ ನಿಂತಿದ್ದ ಸ್ಕೂಟರು ಸರಿಸಿದ. “ಸೋ ರಹಾ ಥಾ ಕ್ಯಾ?” ನಿದ್ದೆ ಹೊಡೀತಿದ್ದೆಯಾ ಎಂದು ಗಾಜಿನ ಒಳಗಿಂದ ಬೈಗುಳ ಬಂತು. ಅದನ್ನು ನುಂಗಿ, ಗೇಟು ಮುಚ್ಚಿ ಓಡಿ ಬಂದ. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ಆ ಎರಡು ನಿಮಿಷದಲ್ಲಿ ಠರಾವು ತಂದ ಸದಸ್ಯರು ಎದ್ದು, ಮಂತ್ರಿಗಳ ಮಾತಿನಿಂದ ತಮಗೆ ಸಮಾಧಾನವಾಗಿದೆ, ಆದ್ದರಿಂದ ಠರಾವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಿದ್ದರು. ಮರಗಮ್ಮ ಅಲ್ಲೇ ಇದ್ದಳು. ಅವಳ ತಲೆಗೆ ಆ ಹಿಂದಿ ಹತ್ತಲಿಲ್ಲ.

ಅಂಗಾರ ಬಗ್ಗಿ ಫೋನಿಗೆ ಕಿವಿ ಕೊಟ್ಟಾಗ ಪೀಠದಲ್ಲಿದ್ದವರು ಕೇಳುತ್ತಿದ್ದರು: “ಕ್ಯಾ ಸಭಾ ಕೀ ಅನುಮತಿ ಹೈ…” ಮುಂದಿನದು ಯಾರದೋ ಮಾತಿನಲ್ಲಿ ಮುಳುಗಿತು. “ಹಾಂ” ಎಂದು ಎಲ್ಲ ಕಡೆಯಿಂದ ದನಿ ಬಂತು. ಬೆಂಚು ತಟ್ಟಿದ ಸದ್ದು. ಮತ್ತೆ ಪೀಠದಿಂದ: “…ಸಭಾ ಕೀ ಅನುಮತಿ ಸೇ…” ಚಿತ್ರ ಅಲ್ಲಾಡದೆ ನಿಂತು ಗಿರಗಿರ ತಿರುಗತೊಡಗಿತು. ನೆಟ್‌ವರ್ಕು ಹೋಗಿತ್ತು.

ಅನುಮತಿ. ಹದಿನೇಳು ವರ್ಷ ಸರ್ವಾನುಮತೇ, ಸರ್ವಾನುಮತೇ ಎಂದು ಕೇಳಿದ ಕಿವಿ ಅದು. ಒಬ್ಬರು ಕೇಳುತ್ತಾರೆ, ಎಲ್ಲರೂ ಹಾಂ ಎನ್ನುತ್ತಾರೆ, ಮೇಜು ತಟ್ಟುತ್ತಾರೆ. ಆ ಕಿವಿಗೆ ಇದರ ಅರ್ಥ ಒಂದೇ.

“ಪಾಸಾಯ್ತು!” ಎಂದ ಅಂಗಾರ. ದನಿ ಒಡೆದಿತ್ತು. “ಮರಗಮ್ಮ, ಪಾಸಾಯ್ತು! ಎಲ್ಲರೂ ಹಾಂ ಅಂದ್ರು. ಒಬ್ಬನೂ ಬೇಡ ಅನ್ಲಿಲ್ಲ!”

“ಖರೇನ?”

“ನೀನೇ ಕೇಳಿಲ್ವಾ?”

“ಹಾಂ ಅಂದಿದ್ದು ಕೇಳೀನಪ್ಪ,” ಎಂದಳು ಮರಗಮ್ಮ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ ಮೊಮ್ಮಗಳಿಗೂ ನಡೀತದನು ಇದು?”

ನಾಲ್ಕೂಮುಕ್ಕಾಲಿಗೆ ಶ್ರೀಮತಿಯ ಫೋನು ಬಂತು. “ಬಾಬಾ?”

“ಅರ್ಜಿ ಹರಿದು ಹಾಕು ಮಗಾ.”

“ನಕ್ಕೀ?” ಖಂಡಿತವಾಗಿಯೂ?

“ನಾನೇ ನನ್ನ ಕಿವಿಯಾರೆ ಕೇಳಿದ್ದೇನೆ.”

ಶನಿವಾರ ಒಂದು ಗಂಟೆ ಬಂತು, ಹೋಯಿತು. ಆ ಹೊತ್ತಿಗೆ ಅಪ್ಪ ಮಗಳು ಖೋಲಿಯಲ್ಲಿ ಕೂತು ಮೀನಿನ ಸಾರಿನಲ್ಲಿ ಊಟ ಮಾಡುತ್ತಿದ್ದರು. ಶ್ರೀಮತಿ ಎರಡು ಸಲ ಗಡಿಯಾರ ನೋಡಿದಳು. ಅಂಗಾರ ಒಂದು ಸಲವೂ ನೋಡಲಿಲ್ಲ. ಭಾನುವಾರ ಅವಳು ಬಿಳಿ ಯೂನಿಫಾರ್ಮಿಗೆ ಅಳತೆ ಕೊಟ್ಟು ಬಂದಳು.

ಸೋಮವಾರ ಬೆಳಿಗ್ಗೆ ಅಂಗಾರ ಕಿಟ್ಟಣ್ಣನ ಅಂಗಡಿಗೆ ಹೋದ. ಕಾಲೇಜಿಗೆ ತೋರಿಸಲು ಪಾಸಾದ ಕಾಗದದ ಒಂದು ಪ್ರಿಂಟು ಬೇಕು ಎಂದ. ಕಿಟ್ಟಣ್ಣ ಖುಷಿಯಿಂದಲೇ ಕಂಪ್ಯೂಟರು ತಿರುಗಿಸಿ ಲೋಕಸಭೆಯ ಆ ದಿನದ ನಡಾವಳಿ ಹುಡುಕಿದರು. ಹುಡುಕಿ, ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಎಂತ ಕಿಟ್ಟಣ್ಣ, ಪ್ರಿಂಟು ಬರುವುದಿಲ್ವಾ?”

“ಅಂಗಾರ, ಕೂತ್ಕೋ.”

“ನಿಂತೇ ಇರ್ತೇನೆ, ಹೇಳಿ.”

“ಅದು ಪಾಸಾಗ್ಲಿಲ್ಲ ಮಾರಾಯ.”

“ಹಾಂ ಅಂದ್ರಲ್ಲ ಎಲ್ರೂ!”

“ಹಾಂ ಅಂದದ್ದು ಹೌದು. ಹಿಂದೆ ತಗೊಳ್ಳಿಕ್ಕೆ ಹಾಂ ಅಂದದ್ದು. ಇಲ್ಲಿ ಬರೆದಿದ್ದಾರೆ ನೋಡು. ಸಭೆಯ ಅನುಮತಿಯಿಂದ ಠರಾವನ್ನು ಹಿಂದಕ್ಕೆ ಪಡೆಯಲಾಯಿತು. ಮಂತ್ರಿ ನೋಡ್ತೇವೆ ಅಂದ್ರಂತೆ, ಇವ್ರು ಆಯ್ತು ಅಂದ್ರಂತೆ. ಒಮ್ಮೆ ಮಂಡಿಸಿದ್ದನ್ನು ವಾಪಸ್ ತಗೊಳ್ಳಿಕ್ಕೂ ಸಭೆಯ ಅನುಮತಿ ಬೇಕಂತೆ. ಅದನ್ನೇ ಕೇಳಿದ್ದು ಅವ್ರು.”

ಅಂಗಾರ ಪರದೆಯ ಮೇಲಿನ ಆ ಸಾಲಿಗೆ ಬೆರಳಿಟ್ಟ.

“ಮೇಲ್ಮನೆಯಲ್ಲಿ ಆಗ್ಲಿಕ್ಕಿಲ್ವಾ?”

“ಅಲ್ಲಿಗೆ ಹೋಗುವುದೇ ಇಲ್ಲ. ನಾನೇ ತಪ್ಪು ತಿಳ್ಕೊಂಡಿದ್ದೆ. ಮಸೂದೆ ಮಾತ್ರ ಹೋಗುವುದಂತೆ.” ಕಿಟ್ಟಣ್ಣನ ದನಿ ಇಳಿಯಿತು. “ಇದು ಪಾಸಾಗಿದ್ರೂ ಮೇಲ್ಮನೆಯವರಿಗೆ ಗೊತ್ತೂ ಆಗ್ತಿರ್ಲಿಲ್ಲ.”

ಪೀಠಕ್ಕೆ, ಸದಸ್ಯರಿಗೆ, ಮಂತ್ರಿಗೆ, ಮೂವರಿಗೂ ಅದು ಸಾಮಾನ್ಯ ಶುಕ್ರವಾರ. ನಿಯಮ ಒಂದೂ ಮುರಿದಿರಲಿಲ್ಲ. ಸದಸ್ಯರ ಭಾಷಣದ ತುಣುಕು ಅವರ ಊರಿನಲ್ಲಿ ಓಡಾಡಿತು. ಮಂತ್ರಿಯ ಸಹಾನುಭೂತಿ ನಡಾವಳಿಯಲ್ಲಿ ದಾಖಲಾಯಿತು. ಯಾರ ಮೇಲೆ ದೂರು ಕೊಡುವುದು? ಎಲ್ಲರೂ ತಮ್ಮ ಕೆಲಸ ಮಾಡಿದ್ದರು. ಹೀಗೆ ಯಾರೂ ತಪ್ಪು ಮಾಡದೆ ಮನುಷ್ಯರನ್ನು ಮುಗಿಸುವ ಕಲೆ ನಮ್ಮಲ್ಲಿ ಬಹಳ ಮುಂದುವರಿದಿದೆ.

ಅಂಗಾರ ಅಂಗಡಿಯಿಂದ ಇಳಿದು ಕಲ್ಯಾಣದ ಆ ಧರ್ಮಾಸ್ಪತ್ರೆಗೆ ನಡೆದೇ ಹೋದ. ಕೌಂಟರಿನಲ್ಲಿದ್ದ ಹೆಂಗಸು ಒಳ್ಳೆಯವಳು, ಕೂರಿಸಿ ಮಾತಾಡಿದಳು. ಶನಿವಾರ ಒಂದೂ ಐದ­ಕ್ಕೆ ಮುಂದಿನ ಹೆಸರನ್ನು ಕರೆದಿದ್ದಾಯಿತು. ಶಹಾಪುರದ ಹುಡುಗಿ, ಬೆಳಿಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕಾದಿದ್ದಳಂತೆ. “ತುಮ್ಹೀ ಏಕ್ ಫೋನ್ ತರೀ ಕರಾಯಚಾ ಹೋತಾ, ಕಾಕಾ,” ಎಂದಳು. ಒಂದು ಫೋನಾದರೂ ಮಾಡಬೇಕಿತ್ತು. ಅಂಗಾರ ಕೈ ಮುಗಿದು ಹೊರಬಿದ್ದ.

ಸಂಜೆ ಶ್ರೀಮತಿ ಬಂದಾಗ ಅವನು ಖೋಲಿಯ ಹೊಸ್ತಿಲಲ್ಲಿ ಕೂತಿದ್ದ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದ್ದ. ತನ್ನ ಕಿವಿ ತಪ್ಪಿತು ಎಂದು ಹೇಳಲು ಹೊರಟ ಬಾಯಿಂದ ಬೇರೆಯೇ ಮಾತು ಬಂತು.

“ಮಗಾ, ಮೇಲ್ಮನೆಯವರು ಒಪ್ಪಲಿಲ್ಲ. ಕೆಳಗೆ ಪಾಸಾಗಿತ್ತು. ಮೇಲಿನವರು ಬೇಡ ಅಂದ್ರು.”

ಶ್ರೀಮತಿ ಬ್ಯಾಗು ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಬಹಳ ಆಯಾಸ ಇತ್ತು.

“ಬಾಬಾ, ನಾನು ಇವತ್ತು ಆ ವಿಡಿಯೋ ನೋಡಿದೆ. ಕಾಲೇಜಿನಲ್ಲಿ ಮ್ಯಾಡಮ್ಮಿಗೆ ತೋರಿಸಲು ಅಂತ ತೆಗೆದೆ. ಇಡೀ ಕ್ಲಾಸು ಸುತ್ತ ನಿಂತಿತ್ತು.”

ಅಂಗಾರ ತಲೆ ತಗ್ಗಿಸಿದ.

“ಮಾಗೇ ಘೇತಲಾ ತ್ಯಾಂನೀ. ಹಿಂದಕ್ಕೆ ತಗೊಂಡರು ಅವರು. ಮೇಲ್ಮನೆ ಎಲ್ಲಿಂದ ಬಂತು?”

“ಕಾರು ಬಂದಿತ್ತು. ಗೇಟು ತೆಗೀಲಿಕ್ಕೆ ಹೋಗಿದ್ದೆ.”

“ಹಾಗಂತ ಅವತ್ತೇ ಹೇಳಬಹುದಿತ್ತಲ್ಲ? ಸ್ವಲ್ಪ ಕೇಳಿಸಲಿಲ್ಲ ಅಂತ. ನಾನೇ ನನ್ನ ಫೋನಲ್ಲಿ ನೋಡುತ್ತಿದ್ದೆ. ಐದು ಗಂಟೆಗೆ ಇನ್ನೂ ಹದಿನೈದು ನಿಮಿಷ ಇತ್ತು ಬಾಬಾ.”

ಶ್ರೀಮತಿ ಬ್ಯಾಗು ಎತ್ತಿಕೊಂಡಳು. ಒಳಗೆ ಹೋಗಿ ಕುಕ್ಕರಿಗೆ ಅಕ್ಕಿ ಹಾಕಿದಳು.

ತಿಂಗಳ ಕೊನೆಯ ದಿನ ಇಬ್ಬರೂ ಠಾಣೆಗೆ ಹೋದರು. ಕ್ಲಾರ್ಕು ಬೈಯಲಿಲ್ಲ. ಮುದ್ರಿಸಿದ ಒಂದು ಫಾರ್ಮು ಮುಂದಿಟ್ಟ. ‘ನಾನು ನನ್ನ ಸ್ವಂತ ಇಚ್ಛೆಯಿಂದ ಈ ಪ್ರವೇಶವನ್ನು ಬಿಟ್ಟುಕೊಡುತ್ತಿದ್ದೇನೆ’ ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಶ್ರೀಮತಿ ಅದನ್ನು ಎರಡು ಸಲ ಓದಿದಳು.

“ಸ್ವಂತ ಇಚ್ಛೆಯಿಂದ ಅಲ್ಲ ಸರ್.”

“ಬೇರೆ ಫಾರ್ಮ್ ಇಲ್ಲ ತಾಯಿ,” ಎಂದ ಕ್ಲಾರ್ಕು ಮರಾಠಿಯಲ್ಲಿ. “ಸಹಿ ಮಾಡದಿದ್ದರೆ ಮಾರ್ಕ್ಸ್‌ಕಾರ್ಡ್ ಕೊಡುವುದಕ್ಕೆ ನನಗೆ ಬರುವುದಿಲ್ಲ.”

ಸಹಿ ಮಾಡಿದಳು.

ಸ್ಲೋ ಲೋಕಲ್ ರೈಲಿನಲ್ಲಿ ಹೇಗೋ ಜಾಗ ಸಿಕ್ಕಿತು. ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮುಂಬ್ರಾ ದಾಟಿತು. ದಿವಾದಲ್ಲಿ ಜನ ನುಗ್ಗಿದರು. ಮರಗಮ್ಮನ ಅಕ್ಕನ ಮಗಳು ತುರ್ಭೆಯಲ್ಲಿ ಮಾತ್ರೆ ಪ್ಯಾಕಿಂಗಿಗೆ ಹೋಗುತ್ತಾಳೆ, ಅಲ್ಲಿ ತನಗೂ ಸೋಮವಾರದಿಂದ ಬರಲು ಹೇಳಿದ್ದಾರೆ ಎಂದು ಅವಳು ಕಿಟಕಿಯ ಕಡೆಗೇ ಮುಖ ಮಾಡಿ ತಿಳಿಸಿದಳು. ನಿಂತುಕೊಂಡೇ ಮಾಡುವ ಕೆಲಸ.

“ಮುಂದಿನ ವರ್ಷ ಇನ್ನೊಂದು ಸಲ ಬರೆದರೆ…” ಎಂದ ಅಂಗಾರ.

“ಬಸ್, ಬಾಬಾ.”

ಸಾಕು ಎಂದಳು, ಅಷ್ಟೇ. ದನಿ ಏರಿಸಲಿಲ್ಲ. ಎದುರಿನ ಸೀಟಿನವರು ತಲೆ ಕೂಡ ಎತ್ತಲಿಲ್ಲ. ಡೊಂಬಿವಲಿ ಬಂದಾಗ ಹಿಂದಿನ ಜನ ಇಬ್ಬರನ್ನೂ ಒಟ್ಟಿಗೆ ಪ್ಲಾಟ್‌ಫಾರ್ಮಿಗೆ ತಳ್ಳಿದರು. ಅವನು ಸಾವರಿಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಅವಳು ಫೈಲನ್ನು ಎದೆಗೆ ಒತ್ತಿಕೊಂಡು, ಅವನಿಗೆ ಕಾಯದೆ, ಸೇತುವೆಯ ಮೆಟ್ಟಿಲು ಹತ್ತುತ್ತಿದ್ದಳು.